ಗಂಡನ ಆಟಕ್ಕೆ ಹೆಂಡತಿಯ ಚಪ್ಪಾಳೆ, ಹೆಂಡತಿಯ ಆಟಕ್ಕೆ?

(ಈ ಪಾಠವನ್ನು ಸಂಘದ ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ಉಳಿದವರು ಕೇಳಿ. ಕೊನೆಯಲ್ಲಿರುವ ಪ್ರಶ್ನೆಗಳನ್ನು ಎಲ್ಲರೂ ಸೇರಿ ಚರ್ಚಿಸಿ.)



ಉಳಿತಾಯ, ಸಾಲ, ಮರುಪಾವತಿ, ಆರೋಗ್ಯ, ಮಕ್ಕಳ ಓದು, ಇವುಗಳ ಬಗ್ಗೆ ನಾವು ಬೇಕಾದಷ್ಟು ಪಾಠ ಮಾಡಿದ್ದೇವೆ. ಈ ಸಲ ಆಟದ ಬಗ್ಗೆ ಮಾತಾಡೋಣ. "ಆಟ ಆಡ್ಲಿಕ್ಕೆ ನಮಗೆಲ್ಲಿ ಪುರುಸೊತ್ತು ಸಿಸ್ಟರ್?" ಎಂದು ನೀವು ನಗಬಹುದು. "ನಿಮಗೆ ಗಂಡ ಇಲ್ಲ, ಸಂಸಾರ ಇಲ್ಲ, ನಿಮಗೆಂತ ಗೊತ್ತು?" ಎಂದೂ ಕೇಳಬಹುದು. ಸರಿಯಾದ ಪ್ರಶ್ನೆಯೇ. ನನಗೆ ಗೊತ್ತಿರಲಿಲ್ಲ. ನಿಮ್ಮಂಥ ಒಬ್ಬ ಸದಸ್ಯೆಯಿಂದಲೇ ಕಲಿತೆ. ಅವರನ್ನು ಕೇಳಿಯೇ, ಹೆಸರು ಮತ್ತು ಊರು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ.

1. ಮಂಡಿ ನೋವಿನ ಸಾಲ

ಕರಾವಳಿಯ ಒಂದು ಹಳ್ಳಿ. ಆ ಸದಸ್ಯೆ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಗಂಡ ಕೆಂಪು ಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಕೆಲಸ ಮುಗಿಸಿ ಬಂದು ಊರಿನ ಹುಡುಗರ ಜೊತೆ ಕಬಡ್ಡಿ ಅಭ್ಯಾಸ. ಮಳೆಗಾಲ ಮುಗಿದ ಮೇಲೆ ಶನಿವಾರ ರಾತ್ರಿ ಎಲ್ಲಿ ಹೊನಲು ಬೆಳಕಿನ ಪಂದ್ಯಾಟ ಇದ್ದರೂ ಅವರು ಅಲ್ಲಿ.

ಒಂದು ದಿನ ಸಭೆಯಲ್ಲಿ ಈಕೆ 3,000 ರೂಪಾಯಿ ಸಾಲ ಕೇಳಿದರು. "ಯಾವುದಕ್ಕೆ?" ಎಂದು ಪ್ರತಿನಿಧಿ ಕೇಳಿದರು. "ನಮ್ಮವರ ಮಂಡಿ ಊದಿದೆ. ಆಟದಲ್ಲಿ ಪೆಟ್ಟಾದದ್ದು. ಡಾಕ್ಟರಿಗೆ ತೋರಿಸ್ಲಿಕ್ಕೆ." ಸಭೆಯಲ್ಲಿ ನಗು. "ಆಡಿ ಕಾಲು ಮುರ್ಕೊಳ್ಳುವವರಿಗೆ ಸಂಘದ ಹಣವಾ?" ಎಂದು ಒಬ್ಬರು ಹೇಳಿದರು. ನಾನೂ ಸುಮ್ಮನಿರಲಿಲ್ಲ. "ಎರಡು ಮಕ್ಕಳ ತಂದೆ, ಇನ್ನೂ ಆಟ ಬಿಟ್ಟಿಲ್ಲವಾ?" ಎಂದುಬಿಟ್ಟೆ.

ಆಕೆಯ ಮುಖ ಕೆಂಪಾಯಿತು. "ಇಲ್ಲಿ ಯಾರಾದ್ರೂ ಅವರ ಆಟ ನೋಡಿದ್ದೀರಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ತಲೆ ತಗ್ಗಿಸಿ ಹೇಳಿದರು: "ಮದುವೆಯಾಗಿ ಹದಿನಾಲ್ಕು ವರ್ಷ. ನಾನೇ ಒಂದು ದಿನ ಹೋಗಿ ನೋಡ್ಲಿಲ್ಲ."

ಸಾಲ ಮಂಜೂರಾಯಿತು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಗಂಡ ಎಷ್ಟು ಹಣ ಖರ್ಚು ಮಾಡಿದ, ಎಷ್ಟು ಗಂಟೆಗೆ ಮನೆಗೆ ಬಂದ, ಎಲ್ಲ ಆಕೆಗೆ ಗೊತ್ತು. ಯಾವುದರಲ್ಲಿ ಅವನಿಗೆ ಸಂತೋಷ ಎಂಬುದನ್ನು ಮಾತ್ರ ಕಣ್ಣಾರೆ ನೋಡಿಲ್ಲ. ನೋಡಲು ಆಕೆಯನ್ನು ಯಾರೂ ಕರೆದೂ ಇರಲಿಲ್ಲ.

2. ಹೆಸರು ಹಿಡಿದು ಕೂಗುವುದು ಹೇಗೆ?

ಮಂಡಿ ವಾಸಿಯಾಯಿತು. ಶಾಲೆಯ ಮೈದಾನದಲ್ಲಿ ಪಂದ್ಯಾಟ ಬಂತು. ಒಬ್ಬರೇ ಹೋಗಲು ಸಂಕೋಚ. "ಗಂಡಸರ ಮಧ್ಯೆ ನಿನಗೆಂತ ಕೆಲಸ?" ಎಂದು ಅತ್ತೆಯ ಗೊಣಗಾಟ. ಆಗ ಸಂಘದ ಐದು ಜನ ಒಟ್ಟಿಗೆ ಹೋಗುವುದೆಂದು ತೀರ್ಮಾನಿಸಿದರು. ಮುಂದಿನ ಕುರ್ಚಿಗಳೆಲ್ಲ ಅತಿಥಿಗಳಿಗೆ. ಇವರು ಚರುಮುರಿ ಗಾಡಿಯ ಪಕ್ಕದಲ್ಲಿ, ಅಂಕಣ ಕಾಣುವ ಕಡೆ ನಿಂತರು.

ಆಟ ಶುರುವಾಯಿತು. ಎಲ್ಲರೂ ತಮ್ಮ ತಮ್ಮವರ ಹೆಸರು ಕೂಗುತ್ತಿದ್ದಾರೆ. ಈಕೆಗೆ ಬಾಯಿ ಬರುತ್ತಿಲ್ಲ. ಗಂಡನ ಹೆಸರು ಹಿಡಿದು ಕರೆದು ಅಭ್ಯಾಸವೇ ಇಲ್ಲ! "ರೀ" ಎಂದರೆ ಇಡೀ ಮೈದಾನ ತಿರುಗಿ ನೋಡೀತು. ಕೊನೆಗೆ ಗೆಳತಿಯೊಬ್ಬರು, "ಬೆನ್ನ ಮೇಲೆ ನಂಬರ್ ಉಂಟಲ್ಲ, ಅದನ್ನೇ ಕೂಗಿ" ಎಂದರು. ನಂಬರ್ 7.

ಮೊದಲನೇ ಪಂದ್ಯದಲ್ಲಿ ಈಕೆ ಒಂದು ತಪ್ಪು ಮಾಡಿದರು. ಗಂಡ ಎದುರಾಳಿಗಳ ಮಧ್ಯೆ ನುಗ್ಗುತ್ತಿದ್ದಾಗ ಹೆದರಿ, "ಬೇಡ ಬೇಡ, ಹಿಂದೆ ಬನ್ನಿ!" ಎಂದು ಕಿರುಚಿದರು. ಗುರುತಿನ ಧ್ವನಿ ಕೇಳಿ ಆತ ಒಂದು ಕ್ಷಣ ಮುಖ ತಿರುಗಿಸಿದರು. ಅಷ್ಟರಲ್ಲಿ ಕಾಲು ಹಿಡಿದಾಗಿತ್ತು. ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವವರು, "ಮನೆಯಿಂದ ಆದೇಶ ಬಂದಿದೆ" ಎಂದರು. ಎಲ್ಲರೂ ನಕ್ಕರು. ಗಂಡ ನಗಲಿಲ್ಲ.

ಮುಂದಿನ ಪಂದ್ಯದಲ್ಲಿ ಈಕೆ ಬಾಯಿ ಬಿಡಲಿಲ್ಲ. ಆದರೆ ಆತ ರೈಡಿಗೆ ಹೋಗುವ ಮುಂಚೆ ಚರುಮುರಿ ಗಾಡಿಯ ಕಡೆ ಒಮ್ಮೆ ನೋಡಿದರಂತೆ. ಇದ್ದಾಳಾ, ಹೋದಳಾ ಎಂದು.

ಸೆಮಿಫೈನಲಿನಲ್ಲಿ ಮೂವರು ಸೇರಿ ಆತನನ್ನು ಕೆಡವಿದರು. ಮಧ್ಯ ಗೆರೆಗೆ ಒಂದು ಮೊಳ ದೂರ. ಆಗ ಈಕೆಗೆ ತಡೆಯಲಾಗಲಿಲ್ಲ. "ಏಳು! ಏಳು!" ಎಂದು ಕೂಗಿದರು. ಐದೂ ಜನ ಕೂಗಿದರು. ಆತ ಎಳೆದಾಡಿ ಕೈ ಚಾಚಿ ಗೆರೆ ಮುಟ್ಟಿದರು. "ಗಂಡನಿಗೆ ಏಕವಚನವಾ ಮಾರಾಯ್ತಿ?" ಎಂದು ಗೆಳತಿಯರು ಕೇಳಿದರೆ, "ನಾನು ನಂಬರ್ ಕರೆದದ್ದು" ಎಂದು ಇವರ ಉತ್ತರ.

ಅಷ್ಟಾದರೂ ಆ ಪಂದ್ಯವನ್ನು ಎರಡು ಅಂಕಗಳಿಂದ ಸೋತರು. ಮನೆಗೆ ಬರುವ ದಾರಿಯಲ್ಲಿ ಗಂಡ ಮಾತಿಲ್ಲ. ಈಕೆ "ಸೋತಿರಲ್ಲ" ಎನ್ನಲಿಲ್ಲ. "ಇಷ್ಟಕ್ಕಾ ಇಷ್ಟು ದಿನ ಅಭ್ಯಾಸ?" ಎಂದೂ ಕೇಳಲಿಲ್ಲ. "ಮೂರು ಜನ ಮೇಲೆ ಬಿದ್ದಿದ್ರು, ಅದ್ಹೇಗೆ ಜಾರಿ ಬಂದ್ರಿ ನೀವು?" ಎಂದು ಕೇಳಿದರು. ಆತ ಮನೆ ಮುಟ್ಟುವ ತನಕ ಅದನ್ನೇ ವಿವರಿಸಿದರಂತೆ. "ಹದಿನಾಲ್ಕು ವರ್ಷದಲ್ಲಿ ಅಷ್ಟು ಮಾತಾಡ್ಲಿಲ್ಲ ಸಿಸ್ಟರ್" ಎಂದು ಆಕೆ ನನಗೆ ಹೇಳಿದಾಗ ಕಣ್ಣು ಒದ್ದೆಯಾಗಿತ್ತು.

ಆ ರಾತ್ರಿ ಆತ ತಂಡದವರ ಜೊತೆ ಕುಡಿಯಲು ಹೋಗಲಿಲ್ಲ. ಮುಂದಿನ ಪಂದ್ಯಾಟದ ದಿನ ಹೋದರು. ಒಂದು ಚಪ್ಪಾಳೆಯಿಂದ ಎಲ್ಲವೂ ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಇಬ್ಬರ ಮಧ್ಯೆ ಮಾತಿಗೆ ಒಂದು ಬಾಗಿಲು ತೆರೆಯಿತು. ಕುಡಿತದ ಬಗ್ಗೆ ಈಕೆ ಮಾತೆತ್ತಿದ್ದೂ ಆ ಬಾಗಿಲಿನಿಂದಲೇ.

3. ಆಟ ಗೊತ್ತಿದ್ದರೆ ಕೂಗಲೂ ಗೊತ್ತಾಗುತ್ತದೆ

ನಿಯಮ ತಿಳಿಯದಿದ್ದರೆ ಮೈದಾನದಲ್ಲಿ ಬೇಜಾರು ಬರುತ್ತದೆ. ಕಬಡ್ಡಿಯ ಬಗ್ಗೆ ಇಷ್ಟು ತಿಳಿದಿರಲಿ.

* ಅಂಕಣದಲ್ಲಿ ಒಂದೊಂದು ತಂಡಕ್ಕೆ 7 ಜನ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ.
* ಗಂಡಸರ ಪಂದ್ಯ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಊರಿನ ಪಂದ್ಯಾಟಗಳಲ್ಲಿ ತಂಡಗಳು ಹೆಚ್ಚಿದ್ದರೆ ಸಮಯ ಕಡಿಮೆ ಮಾಡುವುದುಂಟು.
* ರೈಡರ್ ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಎನ್ನುತ್ತಾ ಎದುರಾಳಿಯ ಕಡೆ ಹೋಗಬೇಕು. ಅವನಿಗಿರುವುದು 30 ಸೆಕೆಂಡು. ಎದುರಾಳಿಯನ್ನು ಮುಟ್ಟಿ ಮಧ್ಯ ಗೆರೆಗೆ ವಾಪಸು ಬಂದರೆ ಅಂಕ. ಹಿಡಿದು ನಿಲ್ಲಿಸಿದರೆ ಹಿಡಿದವರಿಗೆ ಅಂಕ.
* ಔಟಾದವರು ಹೊರಗೆ ಕೂರುತ್ತಾರೆ. ತಮ್ಮ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಒಬ್ಬೊಬ್ಬರಾಗಿ ಮತ್ತೆ ಒಳಗೆ ಬರುತ್ತಾರೆ. ಇಡೀ ತಂಡ ಔಟಾದರೆ ಅದಕ್ಕೆ ಲೋನಾ ಎನ್ನುತ್ತಾರೆ. ಎದುರಾಳಿಗೆ 2 ಅಂಕ ಹೆಚ್ಚುವರಿ.

ಇಲ್ಲಿ ಒಂದು ವಿಷಯ ಗಮನಿಸಿ. ರೈಡರ್ ಒಳಗಿರುವಾಗ ಅವನ ಕಣ್ಣು ಏಳು ಜನರ ಕೈಕಾಲಿನ ಮೇಲೆ, ಉಸಿರು ಮಾತಿನ ಮೇಲೆ. ಆಗ ಹೊರಗಿನಿಂದ ಸಲಹೆ ಕೊಟ್ಟರೆ ಅದು ಸಹಾಯವಲ್ಲ, ತೊಂದರೆ. ರೈಡಿಗೆ ಹೊರಡುವಾಗ ಧೈರ್ಯ ಹೇಳಿ. ವಾಪಸು ಬಂದಾಗ ಚಪ್ಪಾಳೆ ತಟ್ಟಿ. ಅವನು ಔಟಾಗಿ ಹೊರಗೆ ಕೂತಿದ್ದಾಗ ನಿಮ್ಮ ದನಿ ಅವನಿಗೆ ಹೆಚ್ಚು ಬೇಕು. ಗೆದ್ದವನಿಗೆ ಕೂಗಲು ಇಡೀ ಊರು ಇರುತ್ತದೆ. ಔಟಾದವನಿಗೆ ಕೂಗುವವರು ಕಡಿಮೆ.

4. ಮೈದಾನದ ಅಂಚಿನಲ್ಲಿ ನಮ್ಮ ನಡತೆ

ಮಾಡಬೇಕಾದದ್ದು:

* ಮೂರು ನಾಲ್ಕು ಜನ ಸೇರಿ ಹೋಗಿ, ಒಟ್ಟಿಗೆ ವಾಪಸು ಬನ್ನಿ. ರಾತ್ರಿ ಪಂದ್ಯವಾದರೆ ಬರುವ ವಾಹನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.
* ಅಂಕವನ್ನಲ್ಲ, ಪ್ರಯತ್ನವನ್ನು ಹೊಗಳಿ. "ಗೆದ್ದೇ ಬರಬೇಕು" ಎನ್ನುವ ಬದಲು "ಚೆನ್ನಾಗಿ ಆಡಿ ಬನ್ನಿ" ಎನ್ನಿ.
* ಎದುರು ತಂಡದವರ ಹೆಂಡತಿ ಮಕ್ಕಳೂ ಅಲ್ಲೇ ನಿಂತಿರುತ್ತಾರೆ. ಅವರ ಒಳ್ಳೆಯ ಆಟಕ್ಕೂ ಚಪ್ಪಾಳೆ ತಟ್ಟಿ.
* ಮಕ್ಕಳನ್ನು ಕರೆದುಕೊಂಡು ಹೋಗಿ. ಅಪ್ಪ ಸೋತ ಮೇಲೂ ಎದುರಾಳಿಯ ಕೈ ಕುಲುಕುವುದನ್ನು ಅವರು ನೋಡಲಿ.

ಮಾಡಬಾರದ್ದು:

* ಅಂಪೈರ್ ತೀರ್ಪಿಗೆ ಜಗಳಕ್ಕೆ ನಿಲ್ಲಬೇಡಿ. ಹೊರಗಿನ ಜಗಳ ಅಂಕಣದ ಒಳಗೆ ಬರಲು ಒಂದು ನಿಮಿಷ ಸಾಕು.
* ಬೇರೆಯವರ ಗಂಡನ ಜೊತೆ ಹೋಲಿಸಬೇಡಿ.
* ನಾಲ್ಕು ಜನರ ಮುಂದೆ ತಮಾಷೆಗೂ ಹೀಯಾಳಿಸಬೇಡಿ. ಮನೆಯಲ್ಲಿ ಮರೆತುಹೋಗುವ ಮಾತು ಮೈದಾನದಲ್ಲಿ ಮರೆಯುವುದಿಲ್ಲ.

5. ಪೆಟ್ಟಾದರೆ

ಉಳುಕಿ ಊದಿಕೊಂಡರೆ ನಾವು ಮೊದಲು ಹುಡುಕುವುದು ಬಿಸಿ ಎಣ್ಣೆಯನ್ನು. ಇದು ತಪ್ಪು. ಪೆಟ್ಟಾದ ಮೊದಲ ಎರಡು ದಿನ ಬಿಸಿ ಕೊಡಬಾರದು, ತಿಕ್ಕಬಾರದು. ಆಟ ನಿಲ್ಲಿಸಿ ವಿಶ್ರಾಂತಿ ಕೊಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ. ಕಾಲೂರಲು ಆಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಭುಜ ಜಾರಿದರೆ ಮೈದಾನದಲ್ಲಿ ಯಾರೂ ಎಳೆದು ಕೂರಿಸಲು ಹೋಗಬಾರದು. ತಲೆಗೆ ಪೆಟ್ಟಾಗಿ ವಾಂತಿ ಬಂದರೆ, ಮಂಪರು ಬಂದರೆ, ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಲವತ್ತು ದಾಟಿದವರು ಆಡುವಾಗ ಎದೆ ಬಿಗಿದರೆ, ತಣ್ಣನೆ ಬೆವರಿದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. 108ಕ್ಕೆ ಫೋನ್ ಮಾಡಿ.

"ಇನ್ನೊಂದು ರೈಡ್ ಆಡ್ತೇನೆ" ಎಂದು ಗಂಡ ಹಟ ಹಿಡಿದರೆ ಬೇಡವೆನ್ನುವುದೂ ಹುರಿದುಂಬಿಸುವವರ ಕೆಲಸವೇ.

6. ಚಪ್ಪಾಳೆಗೂ ಒಂದು ಮಿತಿ ಉಂಟು

ಗಂಡನ ಆಟಕ್ಕೆ ಬೆಂಬಲ ಕೊಡುವುದೆಂದರೆ ಎಲ್ಲದಕ್ಕೂ ಹೂಂ ಎನ್ನುವುದಲ್ಲ. ಪಂದ್ಯದ ಮೇಲೆ ಬಾಜಿ ಕಟ್ಟುವುದು ಆಟವಲ್ಲ. ಪ್ರವೇಶ ಶುಲ್ಕಕ್ಕೆ, ಜೆರ್ಸಿಗೆ, ಗಾಡಿ ಬಾಡಿಗೆಗೆ ತಿಂಗಳಿಗೆ ಎಷ್ಟು ಎಂದು ಇಬ್ಬರೂ ಕೂತು ಬರೆದಿಡಿ. ಸಂಘದ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಮಕ್ಕಳ ಫೀಸಿನ ಹಣ ಮುಟ್ಟದಂತೆ ಆಟಕ್ಕೂ ಒಂದು ಪಾಲು ಇಟ್ಟರೆ ಜಗಳ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಸೋತು ಬಂದ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸುವವರೂ ಇದ್ದಾರೆ. ಅಂಥ ಮನೆಯಲ್ಲಿ "ನೀನು ಸರಿಯಾಗಿ ಪ್ರೋತ್ಸಾಹ ಕೊಟ್ಟಿಲ್ಲ" ಎಂದು ಹೆಂಗಸಿನ ಮೇಲೆ ತಪ್ಪು ಹೊರಿಸಬೇಡಿ. ಹೊಡೆತಕ್ಕೆ ಚಪ್ಪಾಳೆ ಔಷಧಿಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ನಮಗಾಗಿ ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಸಂಘದವರಿಗೂ ಹೇಳಿ. ಒಬ್ಬರೇ ಸಹಿಸಿಕೊಂಡು ಕೂರಬೇಡಿ.

7. ಈಗ ನಮ್ಮ ಸರದಿ

ಇಷ್ಟು ಹೊತ್ತು ಗಂಡನ ಆಟದ ಮಾತಾಯಿತು. ಹೆಂಡತಿಯ ಆಟಕ್ಕೆ ಯಾರು ಕೂಗುತ್ತಾರೆ?

ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿ ಸೇರಿದ್ದು 1990ರಲ್ಲಿ, ಬೀಜಿಂಗಿನಲ್ಲಿ. ಹೆಂಗಸರ ಕಬಡ್ಡಿ ಸೇರಿದ್ದು 2010ರಲ್ಲಿ, ಚೀನಾದ ಗುವಾಂಗ್‌ಝೌ ನಗರದಲ್ಲಿ. ಅಂದರೆ ಹೆಂಗಸರು 20 ವರ್ಷ ಅಂಕಣದ ಹೊರಗೆ ಕಾಯಬೇಕಾಯಿತು. ಅವಕಾಶ ಸಿಕ್ಕಿದ ಮೊದಲ ಸಲವೇ ಭಾರತದ ಹೆಣ್ಣುಮಕ್ಕಳು ಚಿನ್ನ ತಂದರು. ಆ ತಂಡದಲ್ಲಿ ನಮ್ಮ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರಿದ್ದರು. 2014ರ ಇಂಚಿಯೋನ್ ಕೂಟದಲ್ಲೂ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಅರ್ಜುನ ಪ್ರಶಸ್ತಿಯೂ ಅವರಿಗೆ ಬಂದಿದೆ.

ಉದ್ದ ಜಿಗಿತದ ಅಂಜು ಬಾಬಿ ಜಾರ್ಜ್ ಅವರ ಹೆಸರನ್ನೂ ನೀವು ಕೇಳಿರಬಹುದು. 2003ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಕೂಟದಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದರು. ಅವರಿಗೆ ತರಬೇತಿ ಕೊಟ್ಟವರು ಗಂಡ ರಾಬರ್ಟ್ ಬಾಬಿ ಜಾರ್ಜ್. ಆತ ಸ್ವತಃ ತ್ರಿವಿಧ ಜಿಗಿತದ ಆಟಗಾರ. ಹೆಂಡತಿಯ ಆಟಕ್ಕಾಗಿ ದುಡಿದ ಗಂಡ ಎಂದು ಅವರನ್ನು ನೆನಪಿಡೋಣ.

ನಮ್ಮದೇನೂ ಅಷ್ಟು ದೊಡ್ಡ ಆಟವಲ್ಲ. ಒಕ್ಕೂಟದ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ, ನಿಂಬೆ ಚಮಚ, ಸಂಗೀತ ಕುರ್ಚಿ, ಥ್ರೋಬಾಲ್. ಆದರೆ ಮದುವೆಯಾದ ಮೇಲೆ ಮೊದಲ ಸಲ ಓಡುವ ಹೆಂಗಸಿನ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಎಂದು ಅವಳಿಗೇ ಗೊತ್ತು. ನೋಡಲು ಅವಳ ಮನೆಯವರೇ ಬಂದಿರುವುದಿಲ್ಲ.

ಆ ಸದಸ್ಯೆ ಮುಂದಿನ ಮಾರ್ಚ್ ತಿಂಗಳ ಮಹಿಳಾ ದಿನಾಚರಣೆಯಲ್ಲಿ ಥ್ರೋಬಾಲ್ ತಂಡಕ್ಕೆ ಸೇರಿದರು. ಏಳು ಜನರ ತಂಡ. ಬಂದ ಚೆಂಡನ್ನು ಹಿಡಿದು ಮೂರು ಸೆಕೆಂಡಿನೊಳಗೆ ಬಲೆಯ ಆಚೆ ಎಸೆಯಬೇಕು. ಗಂಡನನ್ನು ಕರೆದರು. "ನಾನು ಬಂದು ಎಂತ ಮಾಡ್ಲಿಕ್ಕೆ?" ಎಂದರು ಆತ. "ನಾನು ಬಂದು ಎಂತ ಮಾಡಿದೆನೋ ಅದನ್ನೇ ಮಾಡಿ" ಎಂದರು ಈಕೆ.

ಆತ ಬಂದರು. ಆದರೆ ಕಂಪೌಂಡಿನ ಹೊರಗೆ ಬೈಕಿನ ಮೇಲೆ ಕೂತರು. ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ, ಯಾರಾದರೂ ನೋಡಿಬಿಟ್ಟರೆ ಎಂದು! ಇತ್ತ ಈಕೆಯ ಕೈಯಿಂದ ಎರಡು ಸಲ ಚೆಂಡು ಜಾರಿ ಬಿತ್ತು. ಗುಂಪಿನಲ್ಲಿ ಯಾರೋ, "ಬೀಡಿ ಕಟ್ಟಿದ ಹಾಗಲ್ಲ" ಎಂದು ನಕ್ಕರು. ಈಕೆಯ ಕೈ ನಡುಗಿತು. ತಲೆ ಎತ್ತಿ ನೋಡಿದರೆ ಬೈಕಿನ ಹತ್ತಿರ ಆತ ಇಲ್ಲ. ಹೊರಟುಹೋದರು ಎಂದುಕೊಂಡರು. ಅಷ್ಟರಲ್ಲಿ ಗೆರೆಯ ಪಕ್ಕದಿಂದಲೇ ದನಿ ಬಂತು: "ಏಳು! ಏಳು!"

ಈಕೆ ಸೀರೆಯ ಮೇಲೆ ಪಿನ್ ಹಾಕಿಕೊಂಡ ನಂಬರನ್ನು ಕೇಳಿ ಪಡೆದದ್ದು ಅದನ್ನೇ, 7.

ನಾನು ಅಂದು ಅಂಕ ಬರೆಯುತ್ತಿದ್ದೆ. ಈ ಸಲ ಬಂದ ಚೆಂಡನ್ನು ಆಕೆ ಹೇಗೆ ಹಿಡಿದರು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಅವರ ತಂಡಕ್ಕೆ ಎರಡನೇ ಬಹುಮಾನ ಬಂತು, ಒಬ್ಬೊಬ್ಬರಿಗೆ ಒಂದು ಸ್ಟೀಲ್ ಪಾತ್ರೆ. ಆ ಪಾತ್ರೆಯನ್ನು ಆತ ಬೈಕಿನ ಮುಂದೆ ಇಟ್ಟುಕೊಂಡು, ಸಿಕ್ಕವರಿಗೆಲ್ಲ ತೋರಿಸುತ್ತಾ ಮನೆಗೆ ಹೋದರಂತೆ. "ಎರಡು ಮಕ್ಕಳ ತಂದೆ, ಇನ್ನೂ ಆಟ ಬಿಟ್ಟಿಲ್ಲವಾ?" ಎಂದು ಕೇಳಿದ್ದಕ್ಕೆ ಅಂದೇ ನಾನು ಆತನ ಹತ್ತಿರ ಕ್ಷಮೆ ಕೇಳಿದೆ. ಆತ ನಕ್ಕು, "ಮುಂದಿನ ಶನಿವಾರ ನೀವೂ ಬನ್ನಿ ಸಿಸ್ಟರ್" ಎಂದರು. ಹೋಗಿದ್ದೆ.

8. ಸಭೆಯಲ್ಲಿ ಚರ್ಚಿಸಿ

* ನಿಮ್ಮ ಗಂಡನಿಗೆ ಯಾವ ಆಟ ಇಷ್ಟ? ನೀವು ಅದನ್ನು ಎಷ್ಟು ಸಲ ನೋಡಿದ್ದೀರಿ?
* ನೀವು ಕೊನೆಯ ಸಲ ಮೈದಾನದಲ್ಲಿ ಓಡಿದ್ದು ಯಾವಾಗ? ಅಂದು ನಿಮಗಾಗಿ ಯಾರು ಕೂಗಿದರು?
* ನಮ್ಮ ಊರಿನ ಪಂದ್ಯಾಟಗಳಲ್ಲಿ ಹೆಂಗಸರಿಗೆ ಕೂರಲು ಜಾಗ, ಶೌಚಾಲಯ, ಬೆಳಕು ಉಂಟೇ? ಇಲ್ಲದಿದ್ದರೆ ಯಾರ ಹತ್ತಿರ ಕೇಳಬೇಕು?
* ಸೋತು ಬಂದವರಿಗೆ ಮೊದಲ ಮಾತು ಏನು ಹೇಳಬೇಕು? ಇಬ್ಬರು ಸದಸ್ಯೆಯರು ಗಂಡ ಹೆಂಡತಿಯಾಗಿ ಅಭಿನಯಿಸಿ ತೋರಿಸಿ.

ಈ ತಿಂಗಳ ಕೆಲಸ: ಪ್ರತಿಯೊಬ್ಬ ಸದಸ್ಯೆಯೂ ಗಂಡನ ಒಂದು ಆಟವನ್ನು ಹೋಗಿ ನೋಡಬೇಕು. ಗಂಡ ಆಡದಿದ್ದರೆ ಮಗನದ್ದೋ ಮಗಳದ್ದೋ ತಮ್ಮನದ್ದೋ ನೋಡಿ. ಮುಂದಿನ ಕ್ರೀಡಾಕೂಟದ ಆಮಂತ್ರಣದಲ್ಲಿ "ಸದಸ್ಯೆಯರ ಗಂಡಂದಿರೂ ಬರಬೇಕು" ಎಂಬ ಒಂದು ಸಾಲು ಸೇರಿಸಲು ನಿರ್ಣಯ ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹೆಲ್ಮೆಟ್ ತೆಗೆದು ಬರಬೇಕೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಕು.